ಚೆಂಡು ಬ್ಯಾಟ್ ಬಿಟ್ಟ ಮೇಲೆ

ಎಲ್ಲರಿಗೂ ನಮಸ್ಕಾರ. ಮುಂಬೈಯ ಮಾಟುಂಗಾದಲ್ಲಿ ನಿಂತು ಬೇಸ್‌ಬಾಲ್ ಬಗ್ಗೆ ಮಾತಾಡುತ್ತೇನೆ ಅಂದಾಗ ನಮ್ಮ ಕಾರ್ಯದರ್ಶಿಗಳು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ ಮೆಲ್ಲಗೆ, "ಕರಪತ್ರದಲ್ಲಿ ಕ್ರಿಕೆಟ್ ಅಂತ ಹಾಕ್ಲಾ ಸಾರ್?" ಅಂದರು. ಹಾಕಿ ಅಂದೆ. ಅದನ್ನು ನೋಡಿ ಬಂದವರು ಬೈಯಬೇಡಿ, ಅರ್ಧ ಕ್ರಿಕೆಟ್ಟೇ ಇದೆ.

ನನ್ನ ಸೋದರಮಾವ ಕಾಂಗಾ ಲೀಗ್ ಆಡುತ್ತಿದ್ದರು. 1948ರಿಂದ ನಡೆದುಬಂದ ಮಳೆಗಾಲದ ಪಂದ್ಯಾವಳಿ, ನಿಮಗೆ ಹೇಳಬೇಕಾಗಿಲ್ಲ. ಮೊಣಕಾಲಿನವರೆಗೆ ಕೆಸರು, ಔಟ್‌ಫೀಲ್ಡಲ್ಲಿ ಹಸು ಮೇಯುವಷ್ಟು ಹುಲ್ಲು. ಆಜಾದ್ ಮೈದಾನದಲ್ಲಂತೂ ಪಕ್ಕದ ಮ್ಯಾಚಿನ ಪಾಯಿಂಟ್ ಫೀಲ್ಡರ್ ನಿಮ್ಮ ಮಿಡ್‌ವಿಕೆಟ್ ಜೊತೆ ಹರಟೆ ಹೊಡೆಯುತ್ತಾ ನಿಂತಿರುತ್ತಾನೆ.

ಒಂದು ಭಾನುವಾರ ಮಾವನಿಗೆ 5 ವಿಕೆಟ್ ಬಿತ್ತು. ಮನೆಗೆ ಬಂದರೆ ಮುಖ ಸಪ್ಪಗೆ. ಅಮ್ಮ ಕಾಫಿ ಕೊಟ್ಟು, "ಯಾಕೋ, 5 ವಿಕೆಟ್ ತಗೊಂಡ್ಯಂತಲ್ಲ?" ಅಂದರೆ, "ಇವತ್ತು ಕೆಟ್ಟದಾಗಿ ಹಾಕಿದೆ ಅಕ್ಕಾ" ಅಂದರು. ಮುಂದಿನ ವಾರ ಒಂದೂ ವಿಕೆಟ್ ಇಲ್ಲ, ಅವರ ಬೌಲಿಂಗಿಗೆ ಫೀಲ್ಡರ್‌ಗಳು ಮೂರು ಕ್ಯಾಚ್ ಬಿಟ್ಟರು. ಮಾವ ಶಿಳ್ಳೆ ಹಾಕುತ್ತಾ ಬಂದರು! ಅದರ ಮುಂದಿನ ವಾರ ಟೀಮಿಂದ ಕೈಬಿಟ್ಟರು, ಅದು ಬೇರೆ ಮಾತು.

ಅವರ ಹತ್ತಿರ ಒಂದು ಕೆಂಪು ರಟ್ಟಿನ ನೋಟ್‌ಬುಕ್ ಇತ್ತು. ತಾವು ಹಾಕಿದ ಪ್ರತಿ ಚೆಂಡಿಗೂ ಒಂದೇ ಅಕ್ಷರ. 'ತ' ಅಂದರೆ ತಪ್ಪಿತು. 'ಅಂ' ಅಂದರೆ ಅಂಚು. 'ನ' ಅಂದರೆ ಬ್ಯಾಟಿನ ನಡುವಿಗೆ ತಾಗಿತು. ರನ್ ಎಷ್ಟು, ವಿಕೆಟ್ ಎಷ್ಟು, ಏನೂ ಇಲ್ಲ. 5 ವಿಕೆಟ್ಟಿನ ದಿನದ ಪುಟದ ತುಂಬಾ 'ನ'. ಬೌಂಡರಿಗೆ ಹೋಗಬೇಕಾದ ಹೊಡೆತವೆಲ್ಲ ಹುಲ್ಲಲ್ಲಿ ಸಿಕ್ಕಿಕೊಂಡಿತ್ತು, ಅಷ್ಟೇ. "ಚೆಂಡು ಎಲ್ಲಿ ಬಿತ್ತು ಅಂತ ಹೇಳ್ಬೇಡ, ಬ್ಯಾಟಿಂದ ಹೇಗೆ ಹೋಯ್ತು ಹೇಳು" ಅನ್ನುವರು.

ಇದನ್ನೇ 2001ರಲ್ಲಿ ವೊರೊಸ್ ಮೆಕ್ರಾಕೆನ್ ಎಂಬ ಅಮೆರಿಕದ ಮನುಷ್ಯ ಬರೆದು ಬೇಸ್‌ಬಾಲ್ ಲೋಕವನ್ನು ಕದಡಿದ. ಅವನ ವಾದ ಇಷ್ಟು. ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಬ್ಯಾಟರ್ ಔಟ್), ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಬ್ಯಾಟರ್‌ಗೆ ಪುಕ್ಕಟೆ ಬೇಸ್), ಹೋಮ್ ರನ್ (ನಮ್ಮ ಸಿಕ್ಸರ್ ಥರ ಬೇಲಿ ದಾಟಿದ ಹೊಡೆತ), ಇವು ಪಿಚರ್‌ನ, ಅಂದರೆ ಚೆಂಡೆಸೆಯುವವನ, ಲೆಕ್ಕಕ್ಕೆ. ಇವುಗಳಲ್ಲಿ ಫೀಲ್ಡರ್ ಕೈ ಇಲ್ಲ. ಮೈದಾನದೊಳಗೆ ಬಿದ್ದ ಚೆಂಡು ಹಿಟ್ ಆಗುತ್ತೋ (ಬ್ಯಾಟರ್ ಬೇಸ್ ತಲುಪುತ್ತಾನೋ) ಔಟ್ ಆಗುತ್ತೋ ಅನ್ನುವುದರಲ್ಲಿ ಪಿಚರ್‌ಗಳ ನಡುವೆ ಅಂಥಾ ವ್ಯತ್ಯಾಸವೇ ಇಲ್ಲ. ಸರಾಸರಿ ಹಿಡಿದರೆ 100ಕ್ಕೆ 30ರ ಆಸುಪಾಸು ಹಿಟ್. ಈ ಅಂಕಿಗೆ ಬ್ಯಾಬಿಪ್ ಅನ್ನುತ್ತಾರೆ. ಒಬ್ಬನೇ ಪಿಚರ್‌ಗೆ ಒಂದು ವರ್ಷ ಹೆಚ್ಚಿದ್ದರೆ ಮರುವರ್ಷವೂ ಹಾಗೇ ಇರುತ್ತದೆ ಅಂತ ಏನಿಲ್ಲ.

ಪೆಡ್ರೊ ಮಾರ್ಟಿನೆಜ್ ಎಂಬ ಪಿಚರ್‌ನನ್ನು ನೋಡಿ. 1999ರಲ್ಲಿ ಅವನ ಇ.ಆರ್.ಎ., ಅಂದರೆ 9 ಇನಿಂಗ್ಸ್‌ಗೆ ಕೊಟ್ಟ ರನ್‌ಗಳ ಸರಾಸರಿ, 2.07, 2000ದಲ್ಲಿ 1.74. ಎರಡನೇ ವರ್ಷ ಇನ್ನೂ ಚೆನ್ನಾಗಿ ಎಸೆದ ಅನ್ನಿಸುತ್ತೆ, ಅಲ್ವಾ? ಆದರೆ ಸ್ಟ್ರೈಕ್‌ಔಟ್ 313ರಿಂದ 284ಕ್ಕೆ ಇಳಿದಿತ್ತು, ಹೋಮ್ ರನ್ 9ರಿಂದ 17ಕ್ಕೆ ಏರಿತ್ತು. ಬದಲಾದದ್ದು ಏನಪ್ಪಾ ಅಂದರೆ, ಮೊದಲ ವರ್ಷ ಮೈದಾನದೊಳಗಿನ 100 ಚೆಂಡಿಗೆ 32 ಹಿಟ್ ಬಿದ್ದಿದ್ದರೆ ಮರುವರ್ಷ 24 ಕೂಡ ಇಲ್ಲ. ಹುಲ್ಲು ಬೆಳೆದಿತ್ತು ಅನ್ನಿ!

ಹಾಗಂತ ಮೆಕ್ರಾಕೆನ್ ಹೇಳಿದ್ದು ಪೂರ್ತಿ ಸರಿ ಅಂತಲೂ ಅಲ್ಲ. ಟಿಮ್ ವೇಕ್‌ಫೀಲ್ಡ್‌ನಂಥ ನಕಲ್‌ಬಾಲ್ (ಹೆಚ್ಚು ತಿರುಗದೆ ಓಲಾಡುತ್ತಾ ಬರುವ ಚೆಂಡು) ಹಾಕುವವರು ವರ್ಷಗಟ್ಟಲೆ ಸರಾಸರಿಗಿಂತ ಕಡಿಮೆ ಹಿಟ್ ಕೊಟ್ಟರು. ಚೆಂಡು ನೆಲಕ್ಕೆ ಹೊಡೆಸುವ ಪಿಚರ್ ಸಾಮಾನ್ಯವಾಗಿ ಪ್ರತಿ ವರ್ಷವೂ ನೆಲಕ್ಕೇ ಹೊಡೆಸುತ್ತಾನೆ. ಅದು ಅದೃಷ್ಟ ಅಲ್ಲ, ಕೈಚಳಕ. ನೆಲದ ಚೆಂಡು ನಾಲ್ಕಕ್ಕೆ ಒಂದು ಹಿಟ್ ಆದೀತು. ನೇರವಾಗಿ ಜೋರಾಗಿ ಹೋಗುವ ಲೈನ್ ಡ್ರೈವ್ ಮೂರಕ್ಕೆ ಎರಡು. ನೆತ್ತಿಯ ಮೇಲೆ ಹೋದ ಪಾಪ್ ಅಪ್ ಬಹುತೇಕ ಔಟೇ. ಹಾಗಿದ್ದ ಮೇಲೆ ಬ್ಯಾಟಿಂದ ಹೇಗೆ ಹೋಯಿತು ಅಂತ ಕೇಳದೆ ಇದ್ದರೆ ಹೇಗೆ? (ಹಿಂದಿನ ಸಾಲಿನವರು ನಗುತ್ತಿದ್ದೀರಿ. ಇದನ್ನು ಇನ್ನೂ ಎರಡು ಸಲ ಹೇಳುವವನಿದ್ದೇನೆ.)

2015ರಿಂದ ಅಲ್ಲಿನ ಮೇಜರ್ ಲೀಗ್‌ನ 30 ಮೈದಾನಗಳಲ್ಲೂ ಚೆಂಡಿನ ಜಾಡು ಅಳೆಯುವ ಸ್ಟ್ಯಾಟ್‌ಕಾಸ್ಟ್ ಬಂತು. ಮೊದಲು ರೇಡಾರ್ ಮತ್ತು ಕ್ಯಾಮೆರಾ, 2020ರಿಂದ ಹಾಕ್-ಐ. ಹೌದು, ನಮ್ಮ ಎಲ್‌ಬಿಡಬ್ಲ್ಯೂ ಜಗಳದ ಹಾಕ್-ಐನೇ. ಚೆಂಡು ಬ್ಯಾಟ್ ಬಿಡುವ ವೇಗ, ಏಳುವ ಕೋನ, ಎರಡನ್ನೂ ಅಳೆಯುತ್ತದೆ. ಗಂಟೆಗೆ 95 ಮೈಲಿ, ಅಂದರೆ ಸುಮಾರು 153 ಕಿಲೋಮೀಟರ್ ದಾಟಿದರೆ ಬಲವಾದ ಹೊಡೆತ ಅಂತ ಲೆಕ್ಕ. 98 ಮೈಲಿ ವೇಗದಲ್ಲಿ 26ರಿಂದ 30 ಡಿಗ್ರಿ ಕೋನಕ್ಕೆ ಎದ್ದರೆ ಅದು 'ಬ್ಯಾರಲ್'. ಮಾವನ ಭಾಷೆಯಲ್ಲಿ ಅಪ್ಪಟ 'ನ'. ಫೀಲ್ಡರ್ ಓಡಿ ಹಿಡಿದರೂ ಅದು 'ನ'ನೇ, ಪಿಚರ್ ಬಚಾವಾದ ಅಷ್ಟೇ.

ಚೀಟಿ ಬಂತು. ಐದು ನಿಮಿಷ ಅಂತೆ. ಮೈದಾನದಿಂದ ಮೈದಾನಕ್ಕೆ ಅಂಕಿ ಹೇಗೆ ಬದಲಾಗುತ್ತೆ ಅನ್ನುವುದು ಇತ್ತು, ಬಿಟ್ಟೆ. ಫೀಲ್ಡರ್ ಪಾಲು ಬಿಟ್ಟು ಪಿಚರ್‌ನನ್ನು ಅಳೆಯುವ ಫಿಪ್ ಲೆಕ್ಕದ ಸೂತ್ರ ಬೋರ್ಡಿನ ಮೇಲೆ ಬರೆಯೋಣ ಅಂತಿದ್ದೆ. ಬೋರ್ಡೇ ಇಲ್ಲ, ಒಳ್ಳೇದಾಯ್ತು. ಒಂದು ಮಾತು ಮಾತ್ರ. ಈ ಅಂಕಿಗಳನ್ನು ಹತ್ತು ಚೆಂಡು ನೋಡಿ ಬಳಸಬೇಡಿ. ಎಷ್ಟು ಜೋರಾಗಿ ಹೊಡೆದ ಅನ್ನುವುದರಲ್ಲಿ ಪಿಚರ್‌ಗಿಂತ ಬ್ಯಾಟರ್ ಪಾಲು ಜಾಸ್ತಿ. ನೂರಾರು ಚೆಂಡು ಆದ ಮೇಲೇ ಪಿಚರ್ ಗುಣ ಕಾಣಿಸುವುದು. ಮಾವನ ಪುಸ್ತಕದಲ್ಲಿ ನಾಲ್ಕು ಮಳೆಗಾಲ ಇದೆ.

ಪುಸ್ತಕ ತಂದಿದ್ದೇನೆ, ಇಲ್ಲೇ ಮೇಜಿನ ಮೇಲಿದೆ. ಬೇಕಾದವರು ಬಂದು ನೋಡಿ. ಆದರೆ ಹೊರಗೆ ಬೋಂಡಾ ಇಟ್ಟಿದ್ದಾರೆ, ದಯವಿಟ್ಟು ಪುಸ್ತಕ ಮೊದಲು, ಬೋಂಡಾ ಆಮೇಲೆ.