ಕಷ್ಟದ ದಿನಕ್ಕೆ ಕೈಗೆ ಸಿಗುವ ಬೆಲೆ

ಕೇಳುಗರಿಗೆ ನಮಸ್ಕಾರ.

ನಮ್ಮ ಕೋಲಾರ ಸೀಮೆಯಲ್ಲಿ ಚಿನ್ನದ ಮಾತೆತ್ತಿದರೆ ಗಣಿಯ ನೆನಪು ತಾನಾಗಿ ಬರುತ್ತದೆ. ಸುಮಾರು 120 ವರ್ಷಗಳಲ್ಲಿ 800 ಟನ್ನಿನಷ್ಟು ಚಿನ್ನ ಕೊಟ್ಟ ಕೆ.ಜಿ.ಎಫ್.ನಲ್ಲಿ ಕಾರ್ಮಿಕರು 3 ಕಿಲೋಮೀಟರಿಗಿಂತ ಹೆಚ್ಚು ಆಳಕ್ಕೆ ಇಳಿದು ಕಲ್ಲು ಒಡೆದರು. ಕೊನೆಗೆ ಸಿಗುವ ಚಿನ್ನಕ್ಕಿಂತ ಅದನ್ನು ತೆಗೆಯುವ ಖರ್ಚೇ ಹೆಚ್ಚಾಗಿ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. 2009ರ ಜನವರಿಯಲ್ಲಿ ಶುರುವಾದ, ಕಂಪ್ಯೂಟರ್ ಜಾಲದಲ್ಲಷ್ಟೇ ಇರುವ ನಾಣ್ಯವಾದ ಬಿಟ್‌ಕಾಯಿನ್ ಕೂಡ ಇಂಥ ವಿರಳತೆಯನ್ನೇ ನೆಚ್ಚಿಕೊಂಡಿದೆ. 2 ಕೋಟಿ 10 ಲಕ್ಷಕ್ಕಿಂತ ಹೆಚ್ಚು ನಾಣ್ಯ ಹುಟ್ಟದಂತೆ ಅದರ ನಿಯಮವನ್ನು ಬರೆಯಲಾಗಿದೆ. ವಿರಳತೆಯಿಂದ ಬೆಲೆ ಬರಬಹುದು. ಆದರೆ ಕಷ್ಟ ಬಂದ ದಿನ ಆ ಬೆಲೆ ನಮ್ಮ ಕೈಗೆ ಸಿಗುತ್ತದೆಯೇ ಎಂಬುದು ಬೇರೆಯದೇ ಪ್ರಶ್ನೆ, ಇಂದು ನಾನು ಹೇಳಬೇಕೆಂದಿರುವುದು ಅದನ್ನು ಕುರಿತೇ.

ನಮ್ಮ ತಾಯಿಯವರ ಅವಲಕ್ಕಿ ಸರ 32 ಗ್ರಾಂ ತೂಗುತ್ತದೆ. ಟೊಮೆಟೊ ಸಸಿ ನೆಟ್ಟು ಹದಿನೈದು ದಿನವಾಗುವಷ್ಟರಲ್ಲಿ ತೋಟದ ಕೊಳವೆಬಾವಿ ಬತ್ತಿದಾಗ ಆ ಸರವನ್ನು ಅಡವಿಡಲು ಬ್ಯಾಂಕಿಗೆ ಒಯ್ದೆವು. ಅಲ್ಲಿ ಚಿನ್ನ ಪರೀಕ್ಷಿಸುವ ಅಕ್ಕಸಾಲಿಗರು ಸರದ ಕೊಂಡಿಯನ್ನು ಒರೆಗಲ್ಲಿನ ಮೇಲೆ ಒಮ್ಮೆ ಎಳೆದು, ಆ ಹಳದಿ ಗೆರೆಗೆ ಆಮ್ಲದ ಹನಿ ಬಿಟ್ಟು ನೋಡಿ, ತೂಕ ಹಾಕಿ ಚೀಟಿ ಬರೆದರು; ಮಧ್ಯಾಹ್ನದೊಳಗೆ ಸಾಲ ಕೈಸೇರಿತು. ಹೊಸ ಬಾವಿ ಕೊರೆಸಿದೆವು, ಬೆಳೆ ಮಾರಿ ಬಡ್ಡಿ ಕಟ್ಟಿ ಸರ ಬಿಡಿಸಿಕೊಂಡೆವು. ಮಾರದೆಯೇ ಆಪತ್ತಿಗೆ ಒದಗಿ ಮತ್ತೆ ಮನೆಗೆ ಮರಳುವ ಈ ಗುಣವನ್ನೇ ನಾನು ಭದ್ರತೆ ಎನ್ನುತ್ತೇನೆ.

ನರಸಾಪುರದ ಕಾರ್ಖಾನೆಯೊಂದರಲ್ಲಿ ದುಡಿಯುವ ನನ್ನ ಅಕ್ಕನ ಮಗ 2021ರ ನವೆಂಬರಿನಲ್ಲಿ, ಬಿಟ್‌ಕಾಯಿನ್ ಬೆಲೆ 69,000 ಡಾಲರಿನ ಹತ್ತಿರ ಇದ್ದಾಗ, ತನ್ನ ಉಳಿತಾಯವನ್ನು ಅದರಲ್ಲಿ ಹಾಕಿದ. ಒಂದು ವರ್ಷದ ನಂತರ, ಬೆಲೆ 16,000 ಡಾಲರಿಗಿಂತ ಕೆಳಗೆ ಇಳಿದ ತಿಂಗಳಲ್ಲೇ, ಭಾವನವರ ಶಸ್ತ್ರಚಿಕಿತ್ಸೆಗೆ ಹಣ ಬೇಕಾಯಿತು. ಕಾಯಲು ಸಮಯವಿಲ್ಲದೆ ಹೆಚ್ಚಿನ ಭಾಗವನ್ನು ಕಾಲು ಬೆಲೆಗೆ ಮಾರಿದ. ಇಂಥದ್ದೇ ಇನ್ನೊಂದು ಡಿಜಿಟಲ್ ನಾಣ್ಯದಲ್ಲಿ ಬಂದ ಸಣ್ಣ ಲಾಭಕ್ಕೆ ಶೇಕಡಾ 30ರ ತೆರಿಗೆ ಕಟ್ಟಬೇಕಾಯಿತು, ಏಕೆಂದರೆ 2022ರ ಏಪ್ರಿಲಿನಿಂದ ಜಾರಿಗೆ ಬಂದ ನಿಯಮದಂತೆ ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಈ ವ್ಯವಹಾರ ಅಪರಾಧವೇನಲ್ಲ; ಇದಕ್ಕೆ ಬ್ಯಾಂಕುಗಳು ಸೇವೆ ಕೊಡಬಾರದೆಂದು ರಿಸರ್ವ್ ಬ್ಯಾಂಕ್ 2018ರಲ್ಲಿ ಹಾಕಿದ್ದ ನಿರ್ಬಂಧವನ್ನೂ ಸುಪ್ರೀಂ ಕೋರ್ಟ್ 2020ರಲ್ಲಿ ರದ್ದುಪಡಿಸಿದೆ. ಆದರೂ ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷ ರೂಪಾಯಿಯ ವಿಮೆಯಂಥ ರಕ್ಷಣೆ ಇದಕ್ಕಿಲ್ಲ. ಈ ನಾಣ್ಯಗಳನ್ನು ಕೊಂಡು ಮಾರಿ ಇಟ್ಟುಕೊಳ್ಳುವ ವಿನಿಮಯ ಕೇಂದ್ರ ಮುಳುಗಿದರೆ ನಮ್ಮ ನಾಣ್ಯವೂ ಅದರೊಡನೆ ಹೋಗಬಹುದು. ನಾಣ್ಯವನ್ನು ತೆರೆಯುವ ಗುಪ್ತ ಕೀಲಿಯನ್ನು ನಾವೇ ಇಟ್ಟುಕೊಂಡು, ಅದನ್ನು ಮತ್ತೆ ಪಡೆಯಲು ಬೇಕಾದ 12 ಪದಗಳನ್ನು ಕಳೆದುಕೊಂಡರೆ ಮರಳಿಸಿಕೊಡುವ ಕಚೇರಿ ಎಲ್ಲಿಯೂ ಇಲ್ಲ.

ಚಿನ್ನದ ಪರವಾಗಿ ಮಾತನಾಡುವವನು ಅದರ ಕುಂದನ್ನೂ ಹೇಳಬೇಕು. 1980ರ ಜನವರಿಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಚಿನ್ನ 1999ರಲ್ಲಿ 250ರ ಆಸುಪಾಸಿಗೆ ಬಿದ್ದಿತ್ತು, ಹಳೆಯ ಬೆಲೆಯನ್ನು ಮತ್ತೆ ಕಂಡದ್ದು 2008ರಲ್ಲಿ. ಆ ಅವಧಿಯಲ್ಲಿ ರೂಪಾಯಿಯೂ ಕುಸಿದದ್ದರಿಂದ ನಮ್ಮವರಿಗೆ ಆ ಹೊಡೆತ ಅಷ್ಟಾಗಿ ತಿಳಿಯಲಿಲ್ಲ. ಒಡವೆಯ ಮಜೂರಿ, ವೇಸ್ಟೇಜಿಗೆ ಕೊಟ್ಟ ಹಣ ಮಾರುವ ದಿನ ಹಿಂದಿರುಗುವುದಿಲ್ಲ. ಆದ್ದರಿಂದ ಉಳಿತಾಯಕ್ಕೆಂದೇ ಕೊಳ್ಳುವವರು ಹಾಲ್‌ಮಾರ್ಕ್ ಇರುವ ನಾಣ್ಯವನ್ನು ಕೊಳ್ಳುವುದು ಒಳ್ಳೆಯದು. ಲಾಕರಿನಲ್ಲಿಟ್ಟದ್ದು ಕಳುವಾದರೂ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ 100 ಪಟ್ಟಿಗೆ ಸೀಮಿತ ಎಂಬುದನ್ನು ಬಹಳ ಜನ ಗಮನಿಸಿಲ್ಲ.

ಅಕ್ಕನ ಮಗ ಈಗ ವರ್ಷಕ್ಕೊಮ್ಮೆ ಬೋನಸ್ ಹಣದಲ್ಲಿ 4 ಗ್ರಾಮಿನ ನಾಣ್ಯ ಕೊಳ್ಳುತ್ತಾನೆ. ಉಳಿದಿರುವ ಅಷ್ಟಿಷ್ಟು ಬಿಟ್‌ಕಾಯಿನ್ ಅನ್ನು ಅವನು ಮಾರಿಲ್ಲ, ನಾನೂ ಮಾರು ಎನ್ನಲಿಲ್ಲ. ಅದರ 12 ಪದಗಳನ್ನು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದು ತಾಯಿಗೆ ಕೊಟ್ಟಿದ್ದಾನೆ. ಅಕ್ಕ ಅದನ್ನು ನಾಲ್ಕಾಗಿ ಮಡಿಸಿ, ತನ್ನ ಬಳೆಗಳಿರುವ ಡಬ್ಬಿಯಲ್ಲಿ ಇಟ್ಟಿದ್ದಾಳೆ.