ಕವರೇಜ್ ನೂರಕ್ಕೆ ನೂರು, ಆದರೂ ಬಗ್

ಕೇಳುಗರಿಗೆ ನಮಸ್ಕಾರ. ಪಿಎಚ್‌ಪಿಯಲ್ಲಿ ಕೋಡ್ ಬರೆಯುವವರ ಜೊತೆ ಇವತ್ತು ಸ್ವಲ್ಪ ಮಾತಾಡಬೇಕು.

ಒಂದು ಅಂಗಡಿಯ ವೆಬ್‌ಸೈಟ್ ಇದೆ ಅಂದುಕೊಳ್ಳಿ. ಸ್ಟಾಕ್ ಇಲ್ಲದ ಸಾಮಾನನ್ನು ಪಟ್ಟಿಯಿಂದ ತೆಗೆದು, ಉಳಿದದ್ದನ್ನು ಮೊಬೈಲ್ ಆ್ಯಪ್‌ಗೆ ಕಳಿಸುವ ಫಂಕ್ಷನ್ ಒಂದಿದೆ. ಅದರಲ್ಲಿ ಮೊದಲು ಬೇಡದ್ದನ್ನು ತೆಗೆಯುವ ಅರೇ ಫಿಲ್ಟರ್, ಆಮೇಲೆ ಉಳಿದದ್ದಕ್ಕೆ 0ಯಿಂದ ಹೊಸದಾಗಿ ನಂಬರ್ ಕೊಡುವ ಅರೇ ವ್ಯಾಲ್ಯೂಸ್. ಎರಡನೆಯದು ಯಾಕೆ ಬೇಕು? ಫಿಲ್ಟರ್ ಮಾಡಿದಾಗ ಪಿಎಚ್‌ಪಿ ಹಳೆಯ ಕೀಗಳನ್ನೇ, ಅಂದರೆ ಹಳೆಯ ನಂಬರುಗಳನ್ನೇ, ಉಳಿಸಿಕೊಳ್ಳುತ್ತದೆ. ನಡುವಿನ ಸಾಮಾನು ಹೋದರೆ 0 ಆದಮೇಲೆ ಸೀದಾ 2. ಇದನ್ನು ಹಾಗೇ ಜೇಸನ್ ಮಾಡಿದರೆ, ಅಂದರೆ ಕಳಿಸಲು ಬೇಕಾದ ಪಠ್ಯರೂಪಕ್ಕೆ ತಂದರೆ, ಪಟ್ಟಿಯ ಬದಲು ಆಬ್ಜೆಕ್ಟ್, ಅಂದರೆ ಪ್ರತಿಯೊಂದಕ್ಕೂ ಕೀ ಹಚ್ಚಿದ ಗುಂಪು ಹೋಗುತ್ತದೆ. ಪಟ್ಟಿಗೆ ಕಾದಿದ್ದ ಆ್ಯಪ್ ಅಲ್ಲೇ ಕೆಟ್ಟು ನಿಲ್ಲುತ್ತದೆ.

ನೀವು ಟೆಸ್ಟ್ ಬರೆದಿದ್ದೀರಿ. ಮೂರು ಸಾಮಾನು, ಕೊನೆಯದರ ಸ್ಟಾಕ್ ಖಾಲಿ. ಟೆಸ್ಟ್ ಪಾಸ್. ಕವರೇಜ್, ಅಂದರೆ ಟೆಸ್ಟ್ ಮಾಡುವಾಗ ಕೋಡಿನ ಎಷ್ಟು ಭಾಗ ಓಡಿತು ಎಂಬ ಲೆಕ್ಕ, ನೂರಕ್ಕೆ ನೂರು. ಈಗ ಯಾರೋ ಆ ಅರೇ ವ್ಯಾಲ್ಯೂಸ್ ಸುಮ್ನೆ ಇದೆ ಅಂತ ಅಳಿಸಿದರೆ? ಟೆಸ್ಟ್ ಆಗಲೂ ಪಾಸ್! ಹೋದದ್ದು ಕೊನೆಯದು, 0 ಮತ್ತು 1 ಹಾಗೇ ಇವೆ, ಅಲ್ವಾ?

ಹೀಗೆ ಕೆಡಿಸಿ ನೋಡುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುವುದು ಮ್ಯುಟೇಷನ್ ಟೆಸ್ಟಿಂಗ್. ಯೋಚನೆ 1970ರ ದಶಕದ್ದು. ಪಿಎಚ್‌ಪಿಯಲ್ಲಿ ಇದಕ್ಕೆ ಇನ್ಫೆಕ್ಷನ್ ಎಂಬ ಟೂಲ್ ಇದೆ. ಕೋಡಿನಲ್ಲಿ ಬೇಕಂತಲೇ ಒಂದೊಂದು ಸಣ್ಣ ತಪ್ಪು ಮಾಡಿ, ಪ್ರತಿ ಸಲ ಟೆಸ್ಟ್ ಓಡಿಸುತ್ತದೆ. ಹೀಗೆ ಕೆಡಿಸಿದ ಕೋಡಿಗೆ ಮ್ಯುಟೆಂಟ್ ಅಂತ ಹೆಸರು. ಟೆಸ್ಟ್ ಫೇಲ್ ಆದರೆ ಆ ಮ್ಯುಟೆಂಟ್ ಸತ್ತಿತು. ಪಾಸ್ ಆದರೆ ತಪ್ಪಿಸಿಕೊಂಡಿತು. ಅರೇ ವ್ಯಾಲ್ಯೂಸ್ ಕಿತ್ತುಹಾಕುವುದೂ ಅದು ಮಾಡುವ ತಪ್ಪುಗಳಲ್ಲಿ ಒಂದು.

ಇನ್ನೊಂದು ಕಡೆ ಪಿಎಚ್‌ಪಿಸ್ಟ್ಯಾನ್, ಸಾಮ್ ಎಂಬ ಟೂಲ್‌ಗಳಿವೆ. ಇವು ಕೋಡನ್ನು ಓಡಿಸುವುದಿಲ್ಲ, ಓದುತ್ತವೆ. ಫಂಕ್ಷನ್ನಿನ ಮೇಲೆ 'ಇದು ಲಿಸ್ಟ್, ಅಂದರೆ 0ಯಿಂದ ಸಾಲಾಗಿ ನಂಬರಾದ ಪಟ್ಟಿ, ಕೊಡುತ್ತದೆ' ಅಂತ ಟೈಪ್ ಬರೆದಿದ್ದರೆ, ಅರೇ ವ್ಯಾಲ್ಯೂಸ್ ಹೋದ ತಕ್ಷಣ ತಕರಾರು ತೆಗೆಯುತ್ತವೆ. ಅಂದಮೇಲೆ ಆ ಮ್ಯುಟೆಂಟ್ ತಪ್ಪಿಸಿಕೊಂಡಿತು ಅನ್ನುವುದು ಸರಿಯೇ? ಸರಿಯಲ್ಲ ಅಂತಲೇ ನಾನು ಹೇಳುತ್ತೇನೆ. ಟೈಪ್ ಕಾಯುತ್ತಿರುವ ಜಾಗಕ್ಕೆ ಇನ್ನೊಂದು ಟೆಸ್ಟ್ ಬರೆಯುತ್ತಾ ಕೂರಬೇಕಿಲ್ಲ.

ಇನ್ಫೆಕ್ಷನ್ನನ್ನೂ ಕೋಡ್ ಓದುವ ಟೂಲನ್ನೂ ಜೋಡಿಸಲು ರೋವ್ ಎಂಬ ಪಿಎಚ್‌ಪಿ ಬಳಗದವರು ಸಾಮ್ ಬಳಸುವ ಪ್ಲಗಿನ್ ಒಂದನ್ನು ಬರೆದರು. ಈಗ ಇನ್ಫೆಕ್ಷನ್ ತಾನೇ ಪಿಎಚ್‌ಪಿಸ್ಟ್ಯಾನನ್ನು ಕರೆಯಬಲ್ಲದು. ಟೆಸ್ಟ್‌ಗಳ ಕೈಯಿಂದ ಜಾರಿದ ಮ್ಯುಟೆಂಟ್‌ಗಳನ್ನು ಮಾತ್ರ ಅದರ ಮುಂದೆ ನಿಲ್ಲಿಸುತ್ತದೆ. ಈ ಕ್ರಮ ಮುಖ್ಯ. ಎಲ್ಲವನ್ನೂ ಎರಡು ಕಡೆ ಪರೀಕ್ಷಿಸಿದರೆ ಸಮಯ ತುಂಬಾ ಜಾಸ್ತಿ ಹಿಡಿಯುತ್ತದೆ.

ಎರಡೂ ಜರಡಿ ದಾಟಿ ಉಳಿದವು ಇವೆಯಲ್ಲ, ಅವನ್ನು ದಯವಿಟ್ಟು ಒಂದೊಂದಾಗಿ ಓದಿ. ಅದೇ ಅಂಗಡಿಯಲ್ಲಿ 500 ರೂಪಾಯಿ ಅಥವಾ ಅದಕ್ಕಿಂತ ಜಾಸ್ತಿ ಕೊಂಡರೆ ಡೆಲಿವರಿ ಉಚಿತ. ಇನ್ಫೆಕ್ಷನ್ ಅದನ್ನು '500ಕ್ಕಿಂತ ಜಾಸ್ತಿ' ಅಂತ ಬದಲಿಸಿತು. ನಿಮ್ಮ ಟೆಸ್ಟ್‌ನಲ್ಲಿ 200 ಇದೆ, 800 ಇದೆ, ಎರಡೂ ಪಾಸ್. ಟೈಪ್ ಕೂಡ ಸುಮ್ಮನಿರುತ್ತದೆ. ಎರಡು ಸಂಖ್ಯೆ ಹೋಲಿಸಿದರೆ ಅದಕ್ಕೆ ಸಾಕು, ಅಂಗಡಿಯವರು ಗಿರಾಕಿಗೆ ಏನು ಮಾತು ಕೊಟ್ಟಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ. ಸರಿಯಾಗಿ 500 ರೂಪಾಯಿಗೆ ಕೊಂಡವರ ಟೆಸ್ಟನ್ನು ನೀವೇ ಬರೆಯಬೇಕು. ನಮಸ್ಕಾರ.