ಮಷಿನ್ ಹಳೇದಾಗೇತ್ರಿ ಅನ್ನೋ ಮುಂಚೆ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ಗೋಕುಲ ರಸ್ತೆ, ತಾರಿಹಾಳದ ಕಾರ್ಖಾನೆ ಶೆಡ್‌ಗಳಿಂದ ಬಂದವರೇ ಇಲ್ಲಿ ಜಾಸ್ತಿ ಇದ್ದೀರಿ. ಮುಂದಿನ ಸಾಲಿನಲ್ಲಿ ಐಟಿಐ ಹುಡುಗರು ಕೂತಿದ್ದಾರೆ. ಹಾಗಾಗಿ ತಿರುಗುವ ಕಟರ್‌ನಿಂದ ಲೋಹ ಕೊರೆಯುವ ಮಿಲ್ಲಿಂಗ್ ಮಷಿನ್ ಬಗ್ಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೆಲಸ ಕೆಟ್ಟಾಗ ಎಲ್ಲಿಂದ ಹುಡುಕಬೇಕು ಅನ್ನೋದಷ್ಟೇ ಇವತ್ತಿನ ಮಾತು.

ಫಿನಿಶ್ ಸರಿ ಬರಲಿಲ್ಲ ಅಂದರೆ ನಮ್ಮ ಕಡೆ ಮೊದಲು ಕೇಳೋದು ಒಂದೇ ಮಾತು: "ಸರ, ಮಷಿನ್ ಹಳೇದಾಗೇತ್ರಿ." ಆಗಿರಬಹುದು. ಆದರೆ ನಿನ್ನೆ ಅದೇ ಮಷಿನ್ ಮೇಲೆ ಒಳ್ಳೆ ಜಾಬ್ (ಕೊರೆಯುವ ಲೋಹದ ತುಂಡು) ಬಂದಿತ್ತಲ್ವಾ? ಒಂದು ರಾತ್ರಿಯಲ್ಲಿ ಟೇಬಲ್ ಜಾರುವ ಸ್ಲೈಡ್ ಸವೆಯೋದಿಲ್ಲ. ಕಟರ್, ಹಿಡಿತ, ಸ್ಪೀಡ್, ಮಟೀರಿಯಲ್, ಇವುಗಳಲ್ಲಿ ಯಾವುದೋ ಒಂದು ಬದಲಾಗಿರುತ್ತದೆ. ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಜಾಬ್ ಮೇಲಿನ ಗುರುತು ನೋಡಿ.

ಒಂದು ಲೆಕ್ಕ ಹೇಳ್ತೀನಿ. ಹಾರಿಜಾಂಟಲ್ ಮಷಿನ್, 100 ಮಿ.ಮೀ. ವ್ಯಾಸದ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಸ್ಲ್ಯಾಬ್ ಕಟರ್ (ಉರುಳೆಯಂಥ ಕಟರ್), ಮೈಲ್ಡ್ ಸ್ಟೀಲ್ ಜಾಬ್. ನಿಮಿಷಕ್ಕೆ 80 ಸುತ್ತು ಇಟ್ಟರೆ ಕಟಿಂಗ್ ಸ್ಪೀಡ್, ಅಂದರೆ ಹಲ್ಲಿನ ಅಂಚು ಓಡುವ ವೇಗ, ನಿಮಿಷಕ್ಕೆ ಸುಮಾರು 25 ಮೀಟರ್ ಆಯಿತು, ಸರಿಯಾಗಿದೆ. ಫೀಡ್, ಅಂದರೆ ಜಾಬ್ ಹೊತ್ತ ಟೇಬಲ್ ಸರಿಯುವ ವೇಗ, ನಿಮಿಷಕ್ಕೆ 80 ಮಿ.ಮೀ. ಇದ್ದರೆ ಕಟರ್ ಒಂದು ಸುತ್ತು ಹಾಕುವಾಗ ಟೇಬಲ್ ಸರಿಯಾಗಿ 1 ಮಿ.ಮೀ. ಸರಿಯುತ್ತದೆ. ಈಗ ಜಾಬ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಣಿಸಿ. 10 ಮಿ.ಮೀ.ಗೆ ಹತ್ತು ಗೆರೆ ಬಂದರೆ ಕಟರ್ ಸುತ್ತಿಗೊಮ್ಮೆ ಹೊಡೆಯುತ್ತಿದೆ ಅಂತ ಅರ್ಥ. ಕಿವಿಗೂ ಠಕ್ ಠಕ್ ಅಂತ ಕೇಳುತ್ತದೆ. ಇದಕ್ಕೂ ಟೇಬಲ್ ಸವೆತಕ್ಕೂ ಸಂಬಂಧವಿಲ್ಲ. ಕಟರ್ ಹೊತ್ತ ದಂಡ, ಅಂದರೆ ಆರ್ಬರ್, ಬಿಚ್ಚಿ. ಅದರ ಮೇಲಿನ ಉಂಗುರಗಳಾದ ಕಾಲರ್‌ಗಳ ನಡುವೆ ಲೋಹದ ಒಂದು ಸಣ್ಣ ಚಿಪ್ ಸಿಕ್ಕಿಕೊಂಡಿದ್ದರೂ ನಟ್ ಬಿಗಿ ಮಾಡಿದಾಗ ಇಡೀ ಆರ್ಬರ್ ಬಾಗುತ್ತದೆ. ಕಾಲರ್‌ನ ಎರಡೂ ಮುಖ ಒರೆಸಿ, ಬೆರಳಾಡಿಸಿ ನೋಡಿ. ಆರ್ಬರ್ ಕೂರುವ ಸ್ಪಿಂಡಲ್ ಟೇಪರ್ ಕೂಡ ಒರೆಸಿ. ಆಮೇಲೆ ಡಯಲ್ ಗೇಜ್ ಹಚ್ಚಿ ಆರ್ಬರ್ ನೇರ ತಿರುಗುತ್ತಿದೆಯೇ ನೋಡಿ. ನಟ್ ಬಿಗಿ ಮಾಡೋದು ಆರ್ಬರ್ ತುದಿ ಹಿಡಿಯುವ ಸಪೋರ್ಟ್ ಬ್ರಾಕೆಟ್ ಕೂಡಿಸಿದ ಮೇಲೆ, ಮುಂಚೆ ಅಲ್ಲ. ಈ ಒಂದು ಅವಸರದಿಂದ ಎಷ್ಟೋ ಆರ್ಬರ್ ಸೊಟ್ಟ ಆಗಿವೆ.

ಗೆರೆ ಫೀಡ್‌ಗೆ ತಾಳೆ ಆಗದಿದ್ದರೆ, ಮಷಿನ್ ಕಿರುಚುತ್ತಿದ್ದರೆ, ಅದು ಚಾಟರ್, ಅಂದರೆ ಕೊರೆಯುವಾಗಿನ ನಡುಕ. ಇಲ್ಲಿ ಎಲ್ಲರೂ ಫೀಡ್ ಕಡಿಮೆ ಮಾಡುತ್ತಾರೆ. ಬೇಡ. ಮೊದಲು ಸ್ಪೀಡ್ ಇಳಿಸಿ, ಫೀಡ್ ಸ್ವಲ್ಪ ಏರಿಸಿ ನೋಡಿ. ಓಡಿಸದೇ ಇರುವ ಸ್ಲೈಡ್‌ಗಳನ್ನು ಲಾಕ್ ಮಾಡಿ. ಎಂಡ್ ಮಿಲ್ (ಕಡ್ಡಿಯಂಥ ಕಟರ್) ಹಿಡಿತದಿಂದ ಎಷ್ಟು ಹೊರಗೆ ಬಂದಿದೆ ನೋಡಿ. 40 ಮಿ.ಮೀ. ಸಾಕಿರುವ ಕಡೆ 80 ಬಿಟ್ಟರೆ ಅದೇ ಒತ್ತಡಕ್ಕೆ ಅದು ಎರಡು ಪಟ್ಟಲ್ಲ, ಎಂಟು ಪಟ್ಟು ಬಾಗುತ್ತದೆ.

ಹುಬ್ಬಳ್ಳಿಯಲ್ಲಿ ವಾಲ್ವ್ ಕೆಲಸ ಜಾಸ್ತಿ, ಅಂದಮೇಲೆ ಸ್ಟೇನ್‌ಲೆಸ್ ಸ್ಟೀಲ್ ಬಂದೇ ಬರುತ್ತದೆ. ಹೆದರಿಕೊಂಡು ಸಣ್ಣ ಫೀಡ್‌ನಲ್ಲಿ ಸವರಿದರೆ 304 ದರ್ಜೆಯ ಸ್ಟೇನ್‌ಲೆಸ್ ಇನ್ನೂ ಗಟ್ಟಿ ಆಗುತ್ತದೆ. ಆಮೇಲೆ ಹೊಸ ಕಟರ್ ಹಾಕಿದರೂ ಅಂಚು ಹೋಗುತ್ತದೆ. ಸ್ಪೀಡ್ ಕಡಿಮೆ ಇರಲಿ, ಆದರೆ ಕಟರ್ ಒಳಗೆ ಕಚ್ಚಲಿ. ಕಟರ್‌ಗೆ ಕಾರ್ಬೈಡ್ ಇನ್ಸರ್ಟ್ (ಬದಲಿಸಬಹುದಾದ ಗಟ್ಟಿ ಹಲ್ಲು) ಇದ್ದರೆ ಬಾಟಲಿಯಿಂದ ಆಗಾಗ ಕೂಲಂಟ್ ಚಿಮುಕಿಸುವ ಚಟ ಬಿಡಿ. ಬಿಸಿ ತಣ್ಣಗೆ ಆಗಿ ಆಗಿ ಇನ್ಸರ್ಟ್ ಬಿರುಕು ಬಿಡುತ್ತದೆ. ಒಂದೋ ಧಾರಾಳವಾಗಿ ಹರಿಸಿ, ಇಲ್ಲಾ ಒಣಗೇ ಓಡಿಸಿ.

ಜಾಬ್ ಚೌಕ ಬರಲಿಲ್ಲವೇ? ಕಟರ್ ತಿರುಗಿಸುವ ಹೆಡ್ ಕಡೆ ಹೋಗುವ ಮೊದಲು ಜಾಬ್ ಹಿಡಿಯುವ ವೈಸ್ ನೋಡಿ. ಬಿಗಿ ಮಾಡುವಾಗ ಸರಿಯುವ ದವಡೆ ಸ್ವಲ್ಪ ಮೇಲೇಳುತ್ತದೆ, ಜಾಬ್‌ನ್ನೂ ಎತ್ತುತ್ತದೆ. ಆ ದವಡೆಗೂ ಜಾಬ್‌ಗೂ ನಡುವೆ ಒಂದು ದುಂಡು ರಾಡ್ ಇಡಿ. ಜಾಬ್ ಕೆಳಗಿನ ಪ್ಯಾರಲಲ್ (ಸಮ ಎತ್ತರದ ಪಟ್ಟಿ) ಮೇಲೆ ಕಾಗದದ ಚೂರು ಹಾಕಿ, ಮೇಲಿಂದ ಮೆತ್ತನೆ ಸುತ್ತಿಗೆಯಿಂದ ತಟ್ಟಿ. ಕಾಗದ ಎಳೆದರೆ ಬರಬಾರದು. ಇನ್ನೊಂದು ಮಾತು. ಆಯುಧ ಪೂಜೆಗೆ ಟೇಬಲ್ ಫಳಫಳ ಹೊಳೆಯುತ್ತದೆ, ಹೂವು, ಕುಂಕುಮ ಎಲ್ಲಾ ಇರುತ್ತದೆ. ವೈಸ್ ಎತ್ತಿ ಅದರ ಕೆಳಗೆ ಒರೆಸಿದವರು ಎಷ್ಟು ಜನ?

ವೈರಿಂಗ್ ಕೆಲಸ ಆದ ಮೇಲೆ ಸ್ಪಿಂಡಲ್ ಉಲ್ಟಾ ತಿರುಗಿದರೆ ಎರಡು ಫೇಸ್ ಅದಲುಬದಲಾಗಿವೆ, ಅಷ್ಟೇ. ಮೋಟಾರ್ ಗುಂಯ್ ಅಂತ ನಿಂತಲ್ಲೇ ನಿಂತರೆ ಒಂದು ಫೇಸ್ ಇಲ್ಲ. ತಕ್ಷಣ ಬಂದ್ ಮಾಡಿ, ಇಲ್ಲದಿದ್ದರೆ ವೈಂಡಿಂಗ್ ಸುಡುತ್ತದೆ.

ಇನ್ನು ನಿಜವಾಗಿಯೂ ಹಳೇದಾದ ಮಷಿನ್. ಟೇಬಲ್ ಹ್ಯಾಂಡಲ್ ಉಲ್ಟಾ ತಿರುಗಿಸಿ. ಟೇಬಲ್ ಅಲುಗಾಡುವ ಮುಂಚೆ ಹ್ಯಾಂಡಲ್ ಮೇಲಿನ ಅಳತೆಯಲ್ಲಿ ಎಷ್ಟು ಗೆರೆ ಸುಮ್ನೆ ಹೋಯಿತೋ ಅಷ್ಟು ಪ್ಲೇ (ಸಡಿಲ) ಇದೆ. ಇದು ಜಾಸ್ತಿ ಇರುವ ಮಷಿನ್ ಮೇಲೆ ಕ್ಲೈಂಬ್ ಮಿಲ್ಲಿಂಗ್, ಅಂದರೆ ಕಟರ್ ಹಲ್ಲು ಓಡುವ ದಿಕ್ಕಿಗೇ ಜಾಬ್ ಸರಿಸುವುದು, ಮಾಡಬೇಡಿ. ಕಟರ್ ಜಾಬ್‌ನ್ನು ಎಳೆದುಕೊಳ್ಳುತ್ತದೆ, ಹಲ್ಲು ಮುರಿಯುತ್ತದೆ. ಪ್ಲೇ ತೆಗೆಯೋಣ ಅಂತ ಟೇಬಲ್ ಸರಿಸುವ ಸ್ಕ್ರೂವಿನ ನಟ್ ಬಿಗಿ ಮಾಡಿದರೆ ಇನ್ನೊಂದು ತಾಪತ್ರಯ. ವೈಸ್ ವರ್ಷಗಟ್ಟಲೆ ಟೇಬಲ್ ನಡುವೆಯೇ ಕೂತಿರುತ್ತದೆ, ಹಾಗಾಗಿ ಸ್ಕ್ರೂ ಸವೆಯೋದೂ ನಡುವೆಯೇ. ನಡುವಿಗೆ ಸರಿಯಾಗುವಂತೆ ಬಿಗಿ ಮಾಡಿದರೆ ಎರಡು ತುದಿಯಲ್ಲಿ ಜಾಮ್ ಆಗುತ್ತದೆ. ತುದಿಯಲ್ಲಿ ಹಗುರವಾಗಿ ತಿರುಗುವಷ್ಟು ಮಾತ್ರ ಬಿಗಿ ಮಾಡಿ, ಅಳತೆಗೆ ಯಾವಾಗಲೂ ಒಂದೇ ಕಡೆಯಿಂದ ಬನ್ನಿ. ದಾಟಿ ಹೋದರೆ ಅರ್ಧ ಸುತ್ತು ಹಿಂದೆ ಹೋಗಿ ಮತ್ತೆ ಬನ್ನಿ. ವೈಸ್‌ನ್ನೂ ಆಗಾಗ ಅತ್ತಿತ್ತ ಸರಿಸಿ ಕಟ್ಟಿ. ಸ್ಕ್ರೂ ಮತ್ತು ನಟ್ ಹೊಸದು ಮಾಡಿಸುವುದಾದರೆ ಎರಡನ್ನೂ ಒಟ್ಟಿಗೇ ಮಾಡಿಸಿ. ಸವೆದ ಸ್ಕ್ರೂ ಮೇಲೆ ಹೊಸ ನಟ್ ಹಾಕಿದರೆ ದುಡ್ಡು ಹಾಳು.